ಎಸೆಯದ ಸುಣ್ಣದ ಚೀಲ

ದಾಕ್ಷಾಯಣಿ ಸುಣ್ಣದ ಚೀಲ ಎಸೆಯಲಿಲ್ಲ. ವಿಮಾನದೊಳಗಿದ್ದ ನಾವು ಮೂವರು ಪ್ರಯಾಣಿಕರೂ ಅದನ್ನು ನೋಡಿದೆವು. ಕೆಳಗೆ ಬಯಲಿನಲ್ಲಿ ನೆರೆದಿದ್ದ ಊರೂ ನೋಡಿತು. ನೋಡಿ, ಕೆಳಗಿದ್ದವರು ಚಪ್ಪಾಳೆ ತಟ್ಟಿದರು.

ಚಪ್ಪಾಳೆ ಯಾಕೆಂದು ತಿಳಿಯಬೇಕಾದರೆ ನಮ್ಮೂರಿನ ನೆಲ ಎಂಥದ್ದೆಂದು ಗೊತ್ತಿರಬೇಕು. ನಿಂತವರಿಗೆ ಅದು ಎಲ್ಲ ಊರುಗಳ ನೆಲದಂತೆಯೇ. ಮೇಲಿನಿಂದ ಇಳಿಯುವವರಿಗೆ ಮಾತ್ರ ಅದು ಕಣ್ಣಿಗೆ ಕಂಡ ಕಡೆ ಇರುವುದಿಲ್ಲ. ಮೆಟ್ಟಿಲಿನಿಂದ ಕಾಲು ಕೆಳಗಿಟ್ಟರೆ ಒಂದು ದಿನ ಗೇಣು ಮೊದಲೇ ಸಿಗುತ್ತದೆ, ಇನ್ನೊಂದು ದಿನ ಮೊಣಕಾಲುದ್ದ ಕೆಳಗೆ ಹೋದ ಮೇಲೆ ಸಿಗುತ್ತದೆ. ಬೆಳಿಗ್ಗೆ ಇದ್ದಂತೆ ಸಂಜೆ ಇರುವುದಿಲ್ಲ, ನಮ್ಮ ಬಾಗಿಲಲ್ಲಿ ಇದ್ದಂತೆ ಪಕ್ಕದವರ ಬಾಗಿಲಲ್ಲಿ ಇರುವುದಿಲ್ಲ. ಅದಕ್ಕೇ ಊರಿನ ಎಲ್ಲರ ಸೊಂಟದಲ್ಲೂ ಹುಣಸೆ ಬೀಜದ ಪುಟ್ಟ ಸಂಚಿ. ಇಳಿಯುವ ಮೊದಲು ಒಂದು ಬೀಜ ಬಿಡಬೇಕು, ಟಕ್ ಎಂದದ್ದನ್ನು ಕೇಳಬೇಕು, ಆಮೇಲೆ ಕಾಲು ಇಡಬೇಕು. ಮಾವಿನ ಮರ ಹತ್ತಿದ ಹುಡುಗರು ಮೊದಲು ಚಪ್ಪಲಿ ಕೆಳಗೆ ಬೀಳಿಸಿ, ಅದು ಬಿದ್ದ ಸಪ್ಪಳ ಕೇಳಿ ಜಿಗಿಯುತ್ತಾರೆ. ನಮ್ಮಲ್ಲಿ ಮಾಳಿಗೆ ಮನೆಗಳಿಲ್ಲ. ರಸ್ತೆಯೂ ಇಲ್ಲ. ಇಳಿಜಾರಿನಲ್ಲಿ ಓಡುವ ಗಾಡಿಯ ಚಕ್ರದ ಮುಂದೆ ಬೀಜ ಬಿಡುತ್ತಾ ಹೋಗುವವರು ಯಾರು? ವಾರಕ್ಕೆರಡು ಸಲ ಒಂದು ಸಣ್ಣ ವಿಮಾನ ಬರುತ್ತದೆ. ಅಂಚೆ, ಔಷಧಿ, ನಾಲ್ಕೈದು ಜನ ಅದರಲ್ಲೇ ಬರಬೇಕು.

ಆದರೆ ಈ ಬೀಜ ಹೊರಗಿನ ನೆಲಕ್ಕೆ. ತನ್ನ ಮನೆಯೊಳಗೆ ಬೀಜ ಬಿಡುವವರಿಲ್ಲ. ಮನೆಯವರು ಸಂಚಿಯನ್ನು ಬಾಗಿಲ ಹೊರಗಿನ ಗೂಟಕ್ಕೆ ನೇತುಹಾಕಿ ಹಾಗೇ ಒಳಗೆ ಇಳಿಯುತ್ತಾರೆ. ಬೀಜ ಬಿಡುವವರು ನೆಂಟರು, ಪರಸ್ಥಳದವರು. ಹೊಸ ಸೊಸೆ ಮೊದಲ ಯುಗಾದಿಯವರೆಗೆ ಬಿಡಬಹುದು. ಹಬ್ಬದ ದಿನ ಅತ್ತೆ ಅವಳ ಸಂಚಿ ಇಸಿದುಕೊಂಡು, "ಇನ್ನ ಇದು ನಿನ್ನ ಮನಿ" ಅನ್ನುತ್ತಾಳೆ. ಅವತ್ತು ಎಡವಿ ಹಣೆ ಒಡೆದುಕೊಂಡ ಸೊಸೆಯನ್ನು ಊರು ಹೊಗಳುತ್ತದೆ. ನಮ್ಮೂರಿನಲ್ಲಿ ಐವತ್ತು ದಾಟಿದ, ಕುಂಟದ ಗಂಡಸು ಸಿಕ್ಕರೆ ಅವನು ಬಾಡಿಗೆ ಮನೆಯಲ್ಲಿದ್ದಾನೆ ಎಂದು ತಿಳಿಯಬೇಕು. ತನ್ನ ಸ್ವಂತ ಹೊಸ್ತಿಲಲ್ಲಿ ಯಾರಾದರೂ ಬೀಜ ಬಿಟ್ಟರೆ ಅದಕ್ಕೆ ಒಂದೇ ಅರ್ಥ: ಇದು ಇನ್ನು ನನ್ನ ಮನೆಯಲ್ಲ.

ದಾಕ್ಷಾಯಣಿ ಹಿಂದೆ ಅದನ್ನೇ ಮಾಡಿ ಹೋಗಿದ್ದಳು. ಅವಳ ಅಪ್ಪ ಗುರುಪಾದಪ್ಪನದು ಹಿಟ್ಟಿನ ಗಿರಣಿ. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ವಿಮಾನ ನಡೆಸುವುದನ್ನು ಕಲಿಯುತ್ತೇನೆಂದು ಅವಳು ಹಠ ಹಿಡಿದಾಗ ಅಪ್ಪ ಮಗಳ ಜಗಳ ಗಿರಣಿಯ ಕುಕ್ ಕುಕ್ ಸದ್ದನ್ನೂ ಮೀರಿ ನಮಗೆ ಕೇಳಿಸುತ್ತಿತ್ತು. "ಹೊಳ್ಳಿ ಬರಬ್ಯಾಡ ಹೋಗು" ಎಂದ ಅಪ್ಪ. ಅವಳು ಹಿತ್ತಲಿಗೆ ಬಂದು ಗೋಡೆಯ ಮೇಲಿಂದ ನಮ್ಮವ್ವನನ್ನು ಒಂದು ಹುಣಸೆ ಬೀಜ ಕೇಳಿದಳು. ಚೌಕಾಬಾರ ಆಡುವುದಕ್ಕೆ ಇರಬೇಕೆಂದು ಅವ್ವ ಯಾಕೆ ಎಂದು ಕೇಳದೆ ಕೊಟ್ಟಳು. ಸ್ವಲ್ಪ ಹೊತ್ತಿಗೆ ದಾಕ್ಷಾಯಣಿ ಅದನ್ನು ತನ್ನ ಮನೆಯ ಹೊಸ್ತಿಲಲ್ಲಿ, ಅಪ್ಪ ನೋಡುತ್ತಿರುವಾಗಲೇ, ಒಳಗಿನ ನೆಲಕ್ಕೆ ಬಿಟ್ಟು ಹೊರಟು ಹೋದಳು. ಅಂದಿನಿಂದ ಗುರುಪಾದಪ್ಪ ಅವಳ ಹೆಸರು ಎತ್ತಲಿಲ್ಲ. ನಮ್ಮವ್ವನೂ ಚೌಕಾಬಾರ ಆಡುವುದು ಬಿಟ್ಟಳು.

ಈಗ ವರ್ಷಗಳ ಮೇಲೆ ಅವಳು ನಮ್ಮೂರಿನ ವಿಮಾನವನ್ನೇ ನಡೆಸಿಕೊಂಡು ಬರುತ್ತಿದ್ದಳು. ಕಂಪನಿಯ ಹಳೆಯ ಪೈಲಟ್ ನಿವೃತ್ತನಾಗಿದ್ದ. ನಾನು ಬಿ.ಎಡ್. ಮುಗಿಸಿ ಊರಿಗೆ ಹೊರಟಿದ್ದೆ. ಅವಳ ಮೊದಲ ಹಾರಾಟದಲ್ಲಿ ನನಗೆ ಸೀಟು ಸಿಕ್ಕಿತ್ತು. ನನ್ನ ಪಕ್ಕದಲ್ಲಿ ನಮ್ಮೂರಿನ ಕಲ್ಲವ್ವ, ಮಗಳ ಬಾಣಂತನ ಮುಗಿಸಿ ಬರುತ್ತಿದ್ದ ಮುದುಕಿ. ಮುಂದೆ, ಪೈಲಟ್ ಪಕ್ಕದ ಸೀಟಿನಲ್ಲಿ, ದಪ್ಪಗಿದ್ದ ಒಬ್ಬ ಪರಸ್ಥಳದವರು, ಚನ್ನಕೇಶವಯ್ಯ. ಹೊಲಿಗೆ ಯಂತ್ರ ಮಾರಲು ಬರುತ್ತಿದ್ದರು. ತೂಕದ ಲೆಕ್ಕದಲ್ಲಿ ದಪ್ಪಗಿದ್ದವರನ್ನು ಮುಂದೆ ಕೂರಿಸುತ್ತಾರೆ. ಅವರು ಅದನ್ನು ಮರ್ಯಾದೆ ಎಂದು ತಿಳಿದುಕೊಂಡಿದ್ದರು.

ಟಿಕೆಟ್ಟಿನ ಜೊತೆ ಹೊರಗಿನವರಿಗೆ ಒಂದು ಪೊಟ್ಟಣ ಹುಣಸೆ ಬೀಜ, ಒಂದು ಸೂಚನೆಯ ಕಾರ್ಡು ಕೊಡುತ್ತಾರೆ. ಚನ್ನಕೇಶವಯ್ಯ ಕನ್ನಡಕ ಹಾಕಿಕೊಂಡು ಕಾರ್ಡನ್ನು ಎರಡು ಕಡೆಯೂ ಓದಿದರು. ಆಮೇಲೆ ಹಿಂದೆ ತಿರುಗಿ, "ಅಲ್ಲಾ ಸ್ವಾಮಿ, ಇಷ್ಟೂ ಬೀಜ ಖರ್ಚಾಗೋಗ್ಬುಟ್ರೆ ವಾಪಸ್ ಹತ್ತೋದೆಂಗೆ?" ಎಂದು ಕೇಳಿದರು.

"ಹತ್ತಾಕ ಬೀಜ ಬೇಕಿಲ್ರಿ. ಇಳ್ಯಾಕಷ್ಟ" ಎಂದೆ.

"ಒಳ್ಳೇ ಊರು ಬುಡಿ" ಎಂದು ನಕ್ಕರು. "ನಮ್ಮನೇಲೂ ಹಂಗೇಯ. ಹೆಂಡ್ತಿ ಸಿಟ್ಟು ಯಾವತ್ತು ಎಷ್ಟು ಕೆಳಗೈತೆ ಅಂತ ನಾನು ಬಾಗ್ಲಲ್ಲೇ ನಿಂತು ಕೆಮ್ಮಿ ನೋಡ್ತೀನಿ."

ಕಲ್ಲವ್ವನಿಗೆ ಅವರ ಮಾತು ಅರ್ಧ ತಿಳಿಯಲಿಲ್ಲ, ಆದರೂ ಸೆರಗು ಬಾಯಿಗೆ ಇಟ್ಟು ನಕ್ಕಳು. ದಾಕ್ಷಾಯಣಿ ಮಾತ್ರ ನಗಲಿಲ್ಲ. ಹತ್ತುವಾಗ ಅವಳನ್ನು "ದಾಕ್ಷಕ್ಕಾ, ನಾ ಫಕೀರಪ್ಪ, ಬಾಜೂ ಮನಿ" ಎಂದು ಮಾತಾಡಿಸಿದ್ದೆ. "ಎಷ್ಟ ಉದ್ದಾಗೀಯೋ" ಎಂದವಳು ಒಂದು ಕ್ಷಣ ಬಿಟ್ಟು, "ಅಪ್ಪ ಬರ್ತಾನಂತೇನು, ಬಯಲಿಗೆ?" ಎಂದು ಕೇಳಿದ್ದಳು. ಗೊತ್ತಿಲ್ಲ ಎಂದಿದ್ದೆ.

ವಿಮಾನ ಇಳಿಸುವುದಕ್ಕೆ ನಮ್ಮಲ್ಲಿ ಒಂದು ಕಟ್ಟುನಿಟ್ಟಿನ ಕ್ರಮವಿದೆ. ಪೈಲಟ್ಟಿನ ಕಿಟಕಿಯ ಪಕ್ಕದ ಕೊಕ್ಕೆಗೆ ಸುಣ್ಣದ ಪುಡಿಯ ಚೀಲ ಕಟ್ಟಿರುತ್ತದೆ. ಮೊದಲು ಬಯಲಿನ ಮೇಲೆ ಒಂದು ಸಲ ಹಾರಿ ಚೀಲವನ್ನು ಎಸೆಯಬೇಕು. ಚೀಲ ಒಡೆದು ಬಿಳಿ ಪುಡಿ ಎದ್ದ ಕಡೆ ನಿಜವಾದ ನೆಲ. ಅದನ್ನು ನೋಡಿಕೊಂಡು, ಒಂದು ಸುತ್ತು ಹಾಕಿ ಬಂದು, ಆಮೇಲೆ ಇಳಿಸಬೇಕು. ಈವರೆಗೆ ಬಂದ ಪೈಲಟ್‌ಗಳೆಲ್ಲ ಹೊರಗಿನವರು. ಅವರಲ್ಲಿ ಕೆಲವರು ಕುಡುಕರೂ ಇದ್ದರು, ಒಬ್ಬನಿಗೆ ಕಿವಿ ಮಂದವಾಗಿತ್ತು. ಆದರೆ ಒಬ್ಬನೂ ಚೀಲ ತಪ್ಪಿಸಿರಲಿಲ್ಲ, ಒಂದು ಸಲವೂ ಪೆಟ್ಟಾಗಿರಲಿಲ್ಲ.

ಊರು ಕಾಣಿಸಿತು. ಗಿರಣಿಯ ಕೊಳವೆಯಿಂದ ಹೊಗೆ ಏಳುತ್ತಿತ್ತು. ಬಯಲಿನ ಅಂಚಿಗೆ ಜನ ಇರುವೆ ಸಾಲಿನಂತೆ ಕಂಡರು. ವಿಮಾನ ಬಾಗಿ ಬಯಲಿಗೆ ಮುಖ ಮಾಡಿತು. ದಾಕ್ಷಾಯಣಿಯ ಎಡಗೈ ಕೊಕ್ಕೆಯ ಗಂಟಿನ ಮೇಲೆ ಹೋಯಿತು. ಅಲ್ಲೇ ನಿಂತಿತು. ಅವಳು ಕೆಳಗೆ ಏನನ್ನೋ ನೋಡುತ್ತಿದ್ದಳು. ನಾನೂ ನೋಡಿದೆ. ಜನರ ಗುಂಪಿನಿಂದ ದೂರ, ಒಂಟಿಯಾಗಿ, ಮೈಯೆಲ್ಲ ಬಿಳಿಯಾದ ಒಬ್ಬ ಮನುಷ್ಯ ನಿಂತಿದ್ದ. ಗಿರಣಿಯಿಂದ ಹಿಟ್ಟು ಕೊಡವಿಕೊಳ್ಳದೆ ಬಂದಿದ್ದ ಗುರುಪಾದಪ್ಪ.

ಅವಳ ಕೈ ಗಂಟನ್ನು ಬಿಟ್ಟು ಹಿಂದೆ ಬಂತು.

ಚನ್ನಕೇಶವಯ್ಯನವರು ಮಡಿಲಲ್ಲಿದ್ದ ಕಾರ್ಡು ನೋಡಿದರು, ಚೀಲ ನೋಡಿದರು. "ಮೇಡಮ್ಮೋರೆ, ಚೀಲ ಹಾಕ್ಲಿಲ್ವಲ್ಲಾ?" ಎಂದರು. ಅವಳ ಕಣ್ಣು ಬಯಲಿನ ಮೇಲೇ ಇತ್ತು. ಅವರು ನಮ್ಮ ಕಡೆ ತಿರುಗಿದರು. "ಏನ್ರೀ ಇದು, ಚೀಲ ಹಾಕಬೇಕು ಅಂತ ಬರ್ದವ್ರೆ. ಹಾಕ್ಲಿಲ್ಲ!"

ಕಲ್ಲವ್ವ ಮುಂದಕ್ಕೆ ಬಾಗಿ ಅವರ ಭುಜ ತಟ್ಟಿದಳು. ಅವಳ ಕಣ್ಣು ತುಂಬಿದ್ದವು. "ಸುಮ್ಮಕಿರ್ರಿ ಯಪ್ಪಾ. ನಿಮಗ ತಿಳ್ಯೂದಿಲ್ಲ. ಆಕಿ ತನ್ನ ಮನಿಗೆ ಬರಾಕತ್ಯಾಳ."

ನನ್ನ ಮೈಯೂ ಜುಂ ಎಂದಿತು. ಹಾಸ್ಟೆಲಿನ ಲೈಬ್ರರಿಯಲ್ಲಿ ಕೂತು ಎಷ್ಟೋ ಓದಿ ಬಂದವನು ನಾನು; ಆ ಗಳಿಗೆಯಲ್ಲಿ ನನಗೆ ಹೊಳೆದದ್ದು ಕಲ್ಲವ್ವನಿಗೆ ಹೊಳೆದದ್ದೇ. ಮಗಳು ಅಪ್ಪನ ಎದುರಿಗೆ ಬೀಜ ಬಿಡದೆ ಇಳಿಯುತ್ತಿದ್ದಾಳೆ. ಅಂದು ಹೊಸ್ತಿಲಲ್ಲಿ ಬಿಟ್ಟ ಬೀಜವನ್ನು ಇಂದು ಆಕಾಶದಿಂದ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದಾಳೆ. ಕೆಳಗೆ ಚಪ್ಪಾಳೆ. ಹಲಗೆ ಬಾರಿಸುವವನು ಕೈ ಎತ್ತಿ ಬಾರಿಸುತ್ತಿದ್ದದ್ದು ಕಾಣುತ್ತಿತ್ತು. ಗುರುಪಾದಪ್ಪ ಮಾತ್ರ ಎರಡೂ ಕೈ ಮೇಲೆತ್ತಿ, ಕುಂಟುತ್ತಾ, ಬಯಲಿನ ನಡುವಿಗೆ ಓಡಿ ಬರುತ್ತಿದ್ದ. ಸಂತೋಷಕ್ಕೆ ಎಂದುಕೊಂಡೆವು.

ನೆಲ ಅವತ್ತು ಕಣ್ಣಿಗೆ ಕಂಡದ್ದಕ್ಕಿಂತ ಒಂದಾಳುದ್ದ ಮೇಲೆ ಇತ್ತು. ಅಷ್ಟು ಯಾವತ್ತೂ ಇದ್ದದ್ದಿಲ್ಲ. ವಿಮಾನ ಇನ್ನೂ ಗಾಳಿಯಲ್ಲಿದೆ ಎಂದು ನನ್ನ ಕಣ್ಣು ಹೇಳುತ್ತಿರುವಾಗಲೇ ಕೆಳಗಿನಿಂದ ಯಾರೋ ಒದ್ದಂತಾಯಿತು. ನನ್ನ ಹಲ್ಲುಗಳು ನಾಲಿಗೆಯ ಮೇಲೆ ಮುಚ್ಚಿಕೊಂಡವು. ಚಕ್ರವೊಂದು ಕಿಟಕಿಯಾಚೆ ನಮ್ಮನ್ನು ದಾಟಿ ಮುಂದೆ ಓಡಿತು. ಅದನ್ನು ನೋಡಿ, ಇದು ಯಾವ ಗಾಡಿಯ ಚಕ್ರ ಎಂದು ಯೋಚಿಸಿದ್ದು ನನಗೆ ಚೆನ್ನಾಗಿ ನೆನಪಿದೆ. ಆಮೇಲೆ ಮೂತಿ ಊರಿ, ಒಂದು ರೆಕ್ಕೆ ಹರಿದು, ವಿಮಾನ ಮಗ್ಗುಲಾಗಿ ನಿಂತಿತು. ಒಳಗೆಲ್ಲ ಬಿಳಿ ಕತ್ತಲೆ. ಏನೂ ಕಾಣಲಿಲ್ಲ. ಕೊಕ್ಕೆಯಲ್ಲೇ ಉಳಿದಿದ್ದ ಚೀಲ ಒಳಗೇ ಒಡೆದಿತ್ತು.

ಹಲಗೆಯ ಸದ್ದು ನಿಂತಿತ್ತು. ಯಾರೂ ಕೂಗಲಿಲ್ಲ. ಅಷ್ಟು ಜನರಿದ್ದ ಬಯಲಿನಲ್ಲಿ ಕೇಳಿಸುತ್ತಿದ್ದದ್ದು ಒಂದೇ, ದೂರದಲ್ಲಿ ಯಾರೂ ಇಲ್ಲದೆ ಓಡುತ್ತಿದ್ದ ಗಿರಣಿಯ ಕುಕ್ ಕುಕ್.

ನನ್ನನ್ನು ಯಾರೋ ಕಾಲು ಹಿಡಿದು ಎಳೆದರು. ಕಣ್ಣು ಉರಿಯುತ್ತಿದ್ದವು. ಅವ್ವ ತನ್ನ ಸೆರಗನ್ನು ಎಣ್ಣೆಯಲ್ಲಿ ಅದ್ದಿ ಒರೆಸಿದಳು. ಕಲ್ಲವ್ವನಿಗೆ ಒಂದು ತರಚು ಗಾಯವೂ ಆಗಿರಲಿಲ್ಲ. ಸುಣ್ಣ ಬಳಿದ ಗೊಂಬೆಯಂತೆ ಕೂತು, "ನನ್ನ ಕೋಳಿ ಎಲ್ಲಿ, ನನ್ನ ಕೋಳಿ ಎಲ್ಲಿ" ಎನ್ನುತ್ತಿದ್ದಳು. ಅವಳು ಕೋಳಿ ತಂದಿರಲೇ ಇಲ್ಲ.

ದಾಕ್ಷಾಯಣಿಯನ್ನು ಹೊರಗೆ ಮಲಗಿಸಿದ್ದರು. ಅವಳ ಬಲಗಾಲು ಇರಬಾರದ ಕಡೆಗೆ ತಿರುಗಿತ್ತು. ಅವಳೂ ಬಿಳಿ, ಅವಳ ಮೇಲೆ ಬಾಗಿದ್ದ ಅಪ್ಪನೂ ಬಿಳಿ. ಅಷ್ಟು ವರ್ಷಗಳ ಮೇಲೆ ಅವನು ಮಗಳೊಂದಿಗೆ ಆಡಿದ ಮೊದಲ ಮಾತನ್ನು ನಾನು ಕೇಳಿದೆ.

"ಚೀಲ ಎಲ್ಲೈತಿ?"

"ಒಗೀಲಿಲ್ಲಪಾ."

"ಯಾಕ?"

ಅವಳು ಅವನನ್ನು ನೋಡಿದಳು ಅಷ್ಟೇ. ಗುರುಪಾದಪ್ಪ ನಿಂತಲ್ಲೇ ಕುಸಿದು ಕೂತ. "ಒಗಿ ಒಗಿ ಅಂತ ಕೈ ಮಾಡಿದ್ನೆಲ್ಲವ್ವಾ," ಎಂದ. "ಎರಡೂ ಕೈ ಎತ್ತಿ ಮಾಡಿದ್ನೆಲ್ಲವ್ವಾ."

ಚನ್ನಕೇಶವಯ್ಯನವರನ್ನು ಕೊನೆಗೆ ತೆಗೆದರು. ಅವರು ಬೆಲ್ಟು ಹಾಕಿಕೊಂಡು ನೆಟ್ಟಗೆ ಕೂತಿದ್ದರು. ಕನ್ನಡಕ ಕೂಡ ಮುಖದ ಮೇಲೆ ಇತ್ತು, ಗಾಜಿನ ಮೇಲೆ ಸುಣ್ಣ. ಎದ್ದು ಬರುತ್ತಾರೆಂದು ಎಲ್ಲರೂ ಕಾದೆವು. ಅವರ ಕುತ್ತಿಗೆ ಮುರಿದಿತ್ತು. ಪೊಟ್ಟಣ ಹರಿದು ಹುಣಸೆ ಬೀಜಗಳು ಅವರ ಮಡಿಲಿನಿಂದ ಒಂದೊಂದೇ ತಗಡಿನ ಮೇಲೆ ಬೀಳುತ್ತಿದ್ದವು, ಟಕ್, ಟಕ್, ಎಂದು. ನಮ್ಮೂರಿನವರ ಕಿವಿಗೆ ಆ ಸದ್ದು ಬಿದ್ದರೆ ಕಾಲು ತಾನಾಗಿ ಮುಂದೆ ಹೋಗುತ್ತದೆ. ಅವತ್ತು ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು.

ಆ ಸಂಜೆ ಹಿರಿಯರು ಗಿರಣಿಯ ಕಟ್ಟೆಯ ಮೇಲೆ ಸೇರಿದರು. ವಿಚಾರಣೆಗೆ ಕಂಪನಿಯಿಂದ ಅಧಿಕಾರಿ ಬರುತ್ತಾನೆಂದು ತಂತಿಯಲ್ಲಿ ತಿಳಿದಿತ್ತು. ಊರಿನ ಹಿರಿಯ ಪರ್ವತಗೌಡ ಗಂಟಲು ಸರಿಮಾಡಿಕೊಂಡು ಹೇಳಿದ: "ಚೀಲ ಒಗದಾಳ ಅಂತ ಹೇಳೂದು. ಎಲ್ಲಾರೂ ಒಂದ ಮಾತು."

"ಒಳಗ ಒಡದೈತಲ್ರಿ ಚೀಲ? ಮೈತುಂಬ ಸುಣ್ಣ ಹೊತ್ಗೊಂಡ ಬಂದೇವಿ" ಎಂದೆ.

"ಎರಡ ಚೀಲ ಇದ್ದೂ ಅನ್ನು. ಒಂದ ಒಗದ್ಲು, ಇನ್ನೊಂದ ಉಳದಿತ್ತು."

"ಎರಡ ಚೀಲ ಯಾವಾಗರ ಇಟ್ಟಾರೇನ್ರಿ?"

"ಏ ಫಕೀರಾ, ನಾಲ್ಕ ಅಕ್ಷರ ಕಲತೀ ಅಂತ ನಮಗ ಪಾಟಿ ಸವಾಲು ಮಾಡಬ್ಯಾಡ," ಎಂದ ಗೌಡ. "ಆ ಹುಡುಗಿ ಅಲ್ಲಿಂದ ಇಳಿಮುಂದ ನಮ್ಮನ್ನ ತನ್ನವರು ಅಂದಳು. ತನ್ನ ಜೀಂವಾ ಒತ್ತಿ ಇಟ್ಟು ಅಂದಳು. ನಾವು ಆಕಿನ್ನ ಜೇಲಿಗೆ ಕೊಡೂದೇನು? ಆಕಿ ಲೈಸೆನ್ಸ ಹೋದರ ಏನ ಉಳೀತೈತಿ ಆಕಿಗೆ?"

"ಸತ್ತವರು?" ಎಂದೆ.

ಗೌಡ ಕಟ್ಟೆಯ ಮೇಲಿನ ಹಿಟ್ಟನ್ನು ಕೈಯಿಂದ ಸರಿಸಿದ. ಆಮೇಲೆ ಕಲ್ಲವ್ವ, "ಪಾಪ, ಪರಸ್ಥಳದ ಮನಶ್ಯಾ" ಎಂದಳು. ಆ ಮಾತಿನಲ್ಲಿ ದುಃಖವೂ ಇತ್ತು, ಲೆಕ್ಕ ಮುಗಿಸಿದ ಧಾಟಿಯೂ ಇತ್ತು. ಗುರುಪಾದಪ್ಪ ಬಾಗಿಲಿಗೆ ಒರಗಿ ಕೂತಿದ್ದ. ಗೌಡ ಅವನನ್ನು ಕೇಳಿದ. ಅವನು ತನ್ನ ಎರಡೂ ಅಂಗೈಗಳನ್ನು ನೋಡಿಕೊಂಡ. ಹಿಟ್ಟು ಇನ್ನೂ ತೊಳೆದುಕೊಂಡಿರಲಿಲ್ಲ.

ಮರುದಿನ ಇನ್ನೊಂದು ವಿಮಾನ ಬಂತು. ಊರೆಲ್ಲ ಮತ್ತೆ ಬಯಲಿನಲ್ಲಿ. ಮುರಿದ ವಿಮಾನದ ಮೇಲಿಂದ ಅದು ಹಾದು ಹೋಯಿತು, ಚೀಲ ಬಿತ್ತು, ಬಿಳಿ ಪುಡಿ ಎದ್ದಿತು. ಒಂದು ಸುತ್ತು ಹಾಕಿ ಬಂದು ಬಾತುಕೋಳಿ ನೀರಿಗೆ ಇಳಿದಂತೆ ಇಳಿಯಿತು. ಅಷ್ಟೇ. ಅಷ್ಟೇ ಕೆಲಸ. ನನ್ನ ಪಕ್ಕದಲ್ಲಿದ್ದವರು ಬಾಯಿ ತೆರೆದು ಅದನ್ನು ಮೊದಲ ಸಲ ನೋಡುವವರಂತೆ ನೋಡುತ್ತಿದ್ದರು.

ಬಾಗಿಲು ತೆರೆಯಿತು. ಮೊದಲು ಕಂಪನಿಯ ಅಧಿಕಾರಿ ರೆಬೆಲೊ. ಹಿಂದೆ ಒಬ್ಬ ಹೆಂಗಸು, ಚನ್ನಕೇಶವಯ್ಯನವರ ಹೆಂಡತಿ ಜಯಶೀಲಾ. ಕೈಯಲ್ಲಿ ಅದೇ ಪೊಟ್ಟಣ, ಅದೇ ಕಾರ್ಡು. ವಿಮಾನದ ಮೆಟ್ಟಿಲ ಮೇಲೆ ನಿಂತು ಅವಳು ಕಾರ್ಡು ಓದಿದಳು. ಒಂದು ಬೀಜ ತೆಗೆದು ಕೆಳಗೆ ಬಿಟ್ಟಳು. ತಲೆ ಓರೆ ಮಾಡಿ ಕೇಳಿದಳು. ಕಾಲಿಟ್ಟಳು. ಇನ್ನೊಂದು ಮೆಟ್ಟಿಲು, ಇನ್ನೊಂದು ಬೀಜ. ಗಂಡನ ಹೆಣ ಒಯ್ಯಲು ಬಂದವಳು ಒಂದು ಸೂಚನೆಯನ್ನೂ ತಪ್ಪಿಸಲಿಲ್ಲ. ನಮ್ಮಲ್ಲಿ ಯಾರಿಗೂ ತಲೆ ಎತ್ತಲಾಗಲಿಲ್ಲ.

ಹೆಣವನ್ನು ಅಂಚೆ ಮೂಟೆಗಳ ಕೊಠಡಿಯಲ್ಲಿ ಇಟ್ಟಿದ್ದರು. ಅಲ್ಲಿಗೂ ಒಂದು ಮೆಟ್ಟಿಲು ಇಳಿಯಬೇಕು. ಅವಳು ಅಲ್ಲಿಯೂ ಬೀಜ ಬಿಟ್ಟು ಇಳಿದಳು. ಸ್ವಲ್ಪ ಹೊತ್ತು ಒಳಗಿದ್ದಳು. ಅಳು ಕೇಳಿಸಲಿಲ್ಲ. ಹೊರಗೆ ಬಂದಾಗ ಗಂಡನ ಕನ್ನಡಕ ಅವಳ ಕೈಯಲ್ಲಿತ್ತು, ಸೆರಗಿನಿಂದ ಗಾಜು ಒರೆಸುತ್ತಿದ್ದಳು. ರೆಬೆಲೊ ಆ ಹೊತ್ತಿಗೆ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಗೌಡನನ್ನು ಕೇಳುತ್ತಿದ್ದ, ಗೌಡ ಎರಡು ಚೀಲದ ಕಥೆ ಶುರು ಮಾಡಿದ್ದ.

"ಅವರ ಜೊತೇಲಿ ಯಾರು ಬಂದೋರು?" ಎಂದು ಜಯಶೀಲಾ ಕೇಳಿದಳು.

ನಾನು ಕೈ ಎತ್ತಿದೆ. ತರಗತಿಯಲ್ಲಿ ಎತ್ತುವ ಹಾಗೆ. ಕಲ್ಲವ್ವ ಎತ್ತಲಿಲ್ಲ, ಆದರೆ ಎಲ್ಲರೂ ಅವಳ ಕಡೆ ನೋಡಿದರು.

"ಕೊನೇಲಿ ಏನಾದ್ರೂ ಅಂದ್ರಾ?"

ಗೌಡ ತನ್ನ ಮಾತು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದ. ಗುರುಪಾದಪ್ಪನೂ ನೋಡುತ್ತಿದ್ದ. ನನ್ನ ಬಾಯಿಯಲ್ಲಿ ಎರಡು ಚೀಲದ ಮಾತು ಸಿದ್ಧವಾಗಿಯೇ ಇತ್ತು. ಅಧಿಕಾರಿ ಕೇಳಿದ್ದರೆ ಬಹುಶಃ ಹೇಳಿಬಿಡುತ್ತಿದ್ದೆ. ಕೇಳಿದವಳು ಇವಳು.

"ಚೀಲ ಹಾಕಲಿಲ್ಲವಲ್ಲ ಅಂದ್ರು" ಎಂದೆ.

"ಯಾರಿಗೆ?"

"ಮದಲ ಆಕಿಗೆ ಅಂದ್ರು. ಆಮ್ಯಾಲೆ ನಮಗೂ ಅಂದ್ರು."

"ನೀವೇನಂದ್ರಿ?"

ನನ್ನ ನಾಲಿಗೆಯ ಗಾಯ ಉರಿಯಿತು. ಆಗ ಕಲ್ಲವ್ವ ಗುಂಪಿನಿಂದ ಮುಂದೆ ಬಂದಳು. ಅವಳ ಕೂದಲ ಬುಡದಲ್ಲಿ ಇನ್ನೂ ಸುಣ್ಣವಿತ್ತು.

"ನಾ ಅಂದೆ ಯವ್ವಾ. ಸುಮ್ಮಕಿರ್ರಿ ಅಂದೆ. ಹೆಗಲ ಮ್ಯಾಲ ಹಿಂಗ ತಟ್ಟಿ ಅಂದೆ." ಕಲ್ಲವ್ವ ತನ್ನ ಕೈಯನ್ನು ಗಾಳಿಯಲ್ಲಿ ತಟ್ಟಿ ತೋರಿಸಿದಳು. ಆ ಕೈಯನ್ನು ಆಮೇಲೆ ಎಲ್ಲಿಡಬೇಕೆಂದು ತಿಳಿಯದೆ ಹಾಗೇ ಹಿಡಿದುಕೊಂಡು ನಿಂತಳು.

ಜಯಶೀಲಾ ಅವಳನ್ನು ಬಹಳ ಹೊತ್ತು ನೋಡಿದಳು. ಬೈಯಬಹುದು, ಹೊಡೆಯಬಹುದು ಎಂದುಕೊಂಡೆವು, ಹೊಡೆದರೆ ಚೆನ್ನಾಗಿತ್ತು. "ಅವ್ರು ಹಂಗೇಯ," ಎಂದಳು ಅವಳು. "ಔಷಧಿ ಡಬ್ಬೀಲಿರೋ ಚೀಟೀನೂ ಪೂರ್ತಿ ಓದೋರು. ಓದಿ ನಂಗೂ ಹೇಳೋರು. ನಾನೂ ಸುಮ್ನಿರಿ ಅಂತಿದ್ದೆ."

ರೆಬೆಲೊ ಗೌಡನ ಹೇಳಿಕೆಯನ್ನು ಬರೆದುಕೊಳ್ಳುವುದು ನಿಲ್ಲಿಸಿದ್ದ. ಗೌಡ ಎದ್ದು ಹೋದ. ಅವಳು ಹೆಣದೊಂದಿಗೆ ವಿಮಾನ ಹತ್ತಿದಳು. ಹತ್ತುವುದಕ್ಕೆ ಬೀಜ ಬೇಕಿಲ್ಲ. ಉಳಿದ ಬೀಜದ ಪೊಟ್ಟಣವನ್ನು ಮಡಿಸಿ ಮೆಟ್ಟಿಲ ಪಕ್ಕದಲ್ಲಿ ಇಟ್ಟು ಹೋದಳು. ಅದನ್ನು ಮುಟ್ಟುವ ಧೈರ್ಯ ಯಾರಿಗೂ ಆಗಲಿಲ್ಲ. ಕೊನೆಗೆ ಕೋತಿ ಒಯ್ದಿತು.

ಊರಿನ ಸಣ್ಣ ಆಸ್ಪತ್ರೆಯಲ್ಲಿ ರೆಬೆಲೊ ದಾಕ್ಷಾಯಣಿಯನ್ನು ಕೇಳುವಾಗ ನಾನು ಹೊರಗಿನ ಬೆಂಚಿನ ಮೇಲಿದ್ದೆ. ಬಾಗಿಲು ತೆರೆದೇ ಇತ್ತು. "ಚೀಲ ಎಸೆಯುವುದು ಮರೆತಿರಾ?" ಎಂದ. ಅದೊಂದು ದಾರಿ. ಮರೆವಿಗೆ ಶಿಕ್ಷೆ ಕಡಿಮೆ ಎಂದು ಅವನ ದನಿಯಲ್ಲೇ ತಿಳಿಯುತ್ತಿತ್ತು.

"ಮರೆತಿಲ್ಲ."

"ಕೊಕ್ಕೆ ಸಿಕ್ಕಿಕೊಂಡಿತ್ತೆ?"

"ಇಲ್ಲ. ನೆನಪಿತ್ತು, ಕೈಗೆ ಸಿಗುತ್ತಿತ್ತು, ಎಸೆಯಲಿಲ್ಲ."

"ಕಾರಣ?"

"ಕಾರಣ ಅಂತ ಬರೆದರೆ ಅದು ನೆಪ ಆಗುತ್ತದೆ, ಸರ್. ನಾನು ಇಳಿಸುತ್ತಿದ್ದದ್ದು ನನ್ನೊಬ್ಬಳನ್ನಲ್ಲ, ವಿಮಾನವನ್ನು. ಅದು ನನಗೆ ಮರೆತಿತ್ತು ಎಂದು ಬೇಕಾದರೆ ಬರೆಯಿರಿ." ನಿಗದಿತ ಕ್ರಮ ಪಾಲಿಸದೆ ಇಳಿಸಿದ್ದರಿಂದ ಅಪಘಾತ ಎಂದು ರೆಬೆಲೊ ಬರೆದುಕೊಂಡ. ಅವಳ ಲೈಸೆನ್ಸ್ ರದ್ದಾಯಿತು. ಕೇಸು ಇನ್ನೂ ನಡೆಯುತ್ತಿದೆ.

ಕಾಲಿಗೆ ಸಿಮೆಂಟು ಪಟ್ಟಿ ಹಾಕಿ ಅವಳನ್ನು ಮನೆಗೆ ಕಳಿಸಿದ ದಿನ ಇಡೀ ಓಣಿ ಗುರುಪಾದಪ್ಪನ ಬಾಗಿಲಲ್ಲಿ ನಿಂತಿತ್ತು. ಇಷ್ಟೆಲ್ಲ ಆದಮೇಲೆ ಉಳಿದಿದ್ದದ್ದು ಅದೊಂದೇ: ಅಪ್ಪ ಮಗಳು ಒಂದಾಗುವುದು. ಯಾರೋ ಆರತಿ ತಟ್ಟೆ ತಂದಿದ್ದರು. ಅದನ್ನು ನೋಡಿ ನನಗೆ ಮೈ ಉರಿಯಿತು, ಆದರೆ ನಾನೂ ಅಲ್ಲೇ ನಿಂತಿದ್ದೆ.

ಆ ಮನೆ ಹಳೆಯ ಮಾದರಿಯದು. ಹೊಸ್ತಿಲು ದಾಟಿದರೆ ಮೊದಲು ತಗ್ಗಿನ ದನದ ಅಂಕಣ, ಅದರಾಚೆ ಎತ್ತರದ ಪಡಸಾಲೆ. ಗುರುಪಾದಪ್ಪ ಪಡಸಾಲೆಯ ಅಂಚಿನಲ್ಲಿ, ಉಟ್ಟ ಧೋತರದಲ್ಲಿ, ಬರಿಮೈಯಲ್ಲಿ ನಿಂತಿದ್ದ. ದಾಕ್ಷಾಯಣಿ ಕಂಕುಳ ಕೋಲುಗಳ ಮೇಲೆ ಹೊಸ್ತಿಲಿಗೆ ಬಂದಳು. ಇಬ್ಬರ ನಡುವೆ ಆ ತಗ್ಗು. ಇಬ್ಬರೂ ಇಳಿಯಬೇಕು.

ಅವಳು ಒಂದು ಕೋಲನ್ನು ಬಾಗಿಲ ಚೌಕಟ್ಟಿಗೆ ಒರಗಿಸಿ, ಸೊಂಟದಿಂದ ಸಂಚಿ ಬಿಚ್ಚಿ, ಒಂದು ಹುಣಸೆ ಬೀಜ ತೆಗೆದಳು.

"ಯವ್ವಾ, ಬ್ಯಾಡವ್ವಾ!" ಎಂದು ಹೆಂಗಸೊಬ್ಬಳು ಕೂಗಿದಳು. ಆರತಿ ತಟ್ಟೆ ಹಿಡಿದವಳು ಒಂದು ಹೆಜ್ಜೆ ಹಿಂದೆ ಸರಿದಳು. ದಾಕ್ಷಾಯಣಿ ಬೀಜವನ್ನು ಅಪ್ಪನ ಎದುರಿಗೇ, ಮೊದಲ ಸಲ ಬಿಟ್ಟ ಜಾಗದಲ್ಲೇ, ಒಳಗಿನ ನೆಲಕ್ಕೆ ಬಿಟ್ಟಳು. ಟಕ್ ಎಂದದ್ದು ತಡವಾಗಿ ಕೇಳಿಸಿತು; ನೆಲ ಅವತ್ತು ಆಳದಲ್ಲಿತ್ತು. ಅವಳು ಕೋಲನ್ನು ಅಷ್ಟು ಆಳಕ್ಕೆ ಇಳಿಸಿ, ಊರಿ, ಭಾರ ಹಾಕಿ ನೋಡಿ, ಆಮೇಲೆ ಇಳಿದಳು. ಇಳಿದು ನಿಂತಳು.

"ಮನಿ ನಂದ ಐತೆಪಾ," ಎಂದಳು. "ಆದರ ಇನ್ನ ನಾ ಬೀಜ ಬಿಡದ ಎಲ್ಲಿಯೂ ಇಳ್ಯೂದಿಲ್ಲ. ಇಟಗೋತಿ, ಇಟಗೋ. ಇಲ್ಲಂದ್ರ ಹೋಗ್ತೀನಿ."

ಓಣಿಗೆ ಮೈಯೆಲ್ಲ ಕಿವಿಯಾಯಿತು. ಗುರುಪಾದಪ್ಪ ಅವಳನ್ನು ನೋಡಿದ, ಅವಳ ಸಿಮೆಂಟು ಕಾಲನ್ನು ನೋಡಿದ, ತನ್ನ ಕಾಲ ಕೆಳಗಿನ ಅಂಚನ್ನು ನೋಡಿದ. ಆ ಅಂಚಿನಿಂದ ಅವನು ದಿನಕ್ಕೆ ನಾಲ್ಕು ಸಲ ಇಳಿದು, ಎಷ್ಟೋ ಸಲ ಎಡವಿ, ಎರಡು ಸಲ ಮೊಣಕಾಲು ಒಡೆದುಕೊಂಡು, ಈಗ ಕುಂಟುತ್ತಿದ್ದ. ಕೈ ಸೊಂಟಕ್ಕೆ ಹೋಯಿತು. ಸೊಂಟದಲ್ಲಿ ಏನಿರುತ್ತದೆ? ಅವನ ಸಂಚಿ ಹೊರಗೆ ಗೂಟದಲ್ಲಿತ್ತು, ನಮ್ಮ ತಲೆಗಳ ಹಿಂದೆ.

"ಯಾರ ಹಂತ್ಯಾಕರ ಒಂದು ಬೀಜ ಐತೇನ್ರಿ?" ಎಂದ.

ಎಲ್ಲರ ಹತ್ತಿರವೂ ಇತ್ತು. ಯಾರ ಕೈಯೂ ಮುಂದೆ ಬರಲಿಲ್ಲ. ಪರ್ವತಗೌಡ ಮುಖ ತಿರುಗಿಸಿದ. ಆಗ ನಮ್ಮವ್ವ ಜನರನ್ನು ಸರಿಸಿಕೊಂಡು ಹೊಸ್ತಿಲಿಗೆ ಹೋಗಿ, ಸೆರಗಿನ ಗಂಟು ಬಿಚ್ಚಿ, ಒಂದು ಬೀಜವನ್ನು ದಾಕ್ಷಾಯಣಿಯ ಕೈಗೆ ಕೊಟ್ಟಳು. ಅಂದು ಗೋಡೆಯ ಮೇಲಿಂದ ಕೊಟ್ಟಾಗ ಯಾಕೆಂದು ಅವಳಿಗೆ ತಿಳಿದಿರಲಿಲ್ಲ. ಇಂದು ತಿಳಿದಿತ್ತು. ದಾಕ್ಷಾಯಣಿ ಅದನ್ನು ಕೈ ಎತ್ತಿ ಅಪ್ಪನಿಗೆ ಕೊಟ್ಟಳು.

ಅವನಿಗೆ ಬೆರಳು ಬಿಡಿಸಲು ಬಹಳ ಹೊತ್ತು ಹಿಡಿಯಿತು. ಗಿರಣಿ ಅವತ್ತು ಬಂದ್ ಇತ್ತು. ಅದಕ್ಕೇ, ತನ್ನ ಸ್ವಂತ ಮನೆಯಲ್ಲಿ ಗುರುಪಾದಪ್ಪ ಬಿಟ್ಟ ಬೀಜ ನೆಲಕ್ಕೆ ತಾಗಿದ್ದು ಬೀದಿಯ ಕೊನೆಯವರಿಗೂ ಕೇಳಿಸಿತು. ಅವನು ತಲೆ ಓರೆ ಮಾಡಿ ಆ ಸದ್ದು ಕೇಳಿ, ಒಂದು ಕೈಯಿಂದ ಕಂಬ ಹಿಡಿದು, ಕಾಲನ್ನು ನಿಧಾನವಾಗಿ, ಆಳಕ್ಕೆ, ಇನ್ನೂ ಆಳಕ್ಕೆ ಇಳಿಸಿ, ನೆಲ ಸಿಕ್ಕಮೇಲೆ ನಿಂತ. ಎಡವಲಿಲ್ಲ.